ಕಾರಿನ ಜಾಗದಲ್ಲಿ ಅಜ್ಜಿ

ನಮ್ಮ ಅಜ್ಜಿ ಎಷ್ಟು ಭಾರ ಅಂತ ಬೀದಿಗೆಲ್ಲ ಗೊತ್ತು. ಹೊತ್ತವರಿಗೆ ಇನ್ನೂ ಚೆನ್ನಾಗಿ ಗೊತ್ತು.

ನಮ್ಮದು ಹಳೇ ಮರದ ಮನೆ. ಕಂಬಗಳ ಮೇಲೆ ಎತ್ತರಕ್ಕೆ ಕೂತಿದೆ. ಮುಂದೆ ಕಡಿದಾದ ಮೆಟ್ಟಿಲು. ಸಕ್ಕರೆ ಕಾಯಿಲೆ ಅಜ್ಜಿಯ ಎಡಗಾಲನ್ನು ಮಂಡಿಯವರೆಗೆ ತಿಂದುಹಾಕಿತು. ಆಮೇಲೆ ಗಾಲಿಕುರ್ಚಿ ಬಂತು. ಗಾಲಿಕುರ್ಚಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲ. ಹಾಗಾಗಿ ನಾವು ಹತ್ತುತ್ತೇವೆ. ಕುರ್ಚಿ ನಮ್ಮ ಕೈಯಲ್ಲಿ, ಅಜ್ಜಿ ಕುರ್ಚಿಯಲ್ಲಿ, ಅಜ್ಜಿಯ ಬಾಯಿ ನಮ್ಮ ಮೇಲೆ.

"ಲಾಫಾಯೀ, ನಿನ್ನ ಕಡೆ ತಗ್ಗಿದೆ ನೋಡೋ. ಹೆಂಡತಿ ಬಡಿಸಿದ್ದೆಲ್ಲ ಎಲ್ಲಿಗೆ ಹೋಗುತ್ತೆ? ತೋಳಿಗಾ, ಹೊಟ್ಟೆಗಾ?"

"ಹೊಟ್ಟೆಗೇ ಅಮ್ಮಾ. ತೋಳು ನಿಂಗೇ ಮೀಸಲು."

ಲಾಫಾಯಿ ನನ್ನ ಸೋದರಮಾವ. ಏರ್‌ಪೋರ್ಟಿನಲ್ಲಿ ರಾತ್ರಿ ಪಾಳಿ. ವಿಮಾನದ ಹೊಟ್ಟೆಗೆ ಸೂಟ್‌ಕೇಸು ತುಂಬುವ ಕೆಲಸ. ರಾತ್ರಿಯೆಲ್ಲ ಊರವರ ಭಾರ, ಬೆಳಗಾದರೆ ತಾಯಿಯ ಭಾರ. ಸೂಟ್‌ಕೇಸೇ ವಾಸಿ, ಅದು ಬಯ್ಯುವುದಿಲ್ಲ ಅನ್ನುತ್ತಾನೆ.

ಮೇಲಿನಿಂದ ಎಳೆಯುವವನು ಮಾವ. ಕೆಳಗಿನಿಂದ ಎತ್ತುವವರು ಅವನ ಮಗ ತಾನಿಯೆಲು ಮತ್ತು ನಾನು, ಪೆನಿನಾ. ನನ್ನ ಅಂಗೈ ಗಟ್ಟಿಯಾಗಿದೆ. ಗಾಲಿಯ ರಬ್ಬರಿನ ಕಪ್ಪು ಉಗುರಿನಿಂದ ಹೋಗುವುದಿಲ್ಲ. ಕಾಲೇಜಿನ ಗೆಳತಿಯರು ದುಡ್ಡು ಕೊಟ್ಟು ಜಿಮ್ಮಿನಲ್ಲಿ ಭಾರ ಎತ್ತುತ್ತಾರೆ. ನನಗೆ ಮನೆಯಲ್ಲೇ ಪುಕ್ಕಟೆ, ಜೊತೆಗೆ ಬೈಗುಳ.

ಮೇಲೆ ಹೋದರೂ ಕಷ್ಟ ಮುಗಿಯುವುದಿಲ್ಲ. ಬಚ್ಚಲುಮನೆಯ ಬಾಗಿಲು ಕಿರಿದು. ಕುರ್ಚಿ ಒಳಗೆ ಹೋಗುವುದಿಲ್ಲ. ಮಗ ತಾಯಿಯನ್ನು ಬಚ್ಚಲಿಗೆ ಹೊರುವುದು ನಮ್ಮ ಸಮೋವಾ ಜನರಲ್ಲಿ ಆಗದ ಮಾತು. ಮಾವನ ಹೆಂಡತಿ ಲೋಸಾ ಅತ್ತೆಯೂ ನಾನೂ ಅಜ್ಜಿಯ ಕಂಕುಳಿಗೆ ಕೈಕೊಟ್ಟು ಅಡ್ಡಡ್ಡ ತಿರುಗಿ ಒಳಗೆ ನುಗ್ಗಿಸುತ್ತೇವೆ. ಹಳೇ ಮಂಚವನ್ನು ಬಾಗಿಲಲ್ಲಿ ತೂರಿಸಿದ ಹಾಗೆ. ಅತ್ತೆಗೆ ಈಗ ಆರು ತಿಂಗಳು. ಇನ್ನು ನಾನೊಬ್ಬಳೇ.

ಒಂದು ಭಾನುವಾರ ಮಳೆ ಬಂದು ಮೆಟ್ಟಿಲು ಜಾರುತ್ತಿತ್ತು. ತಾನಿಯೆಲುವಿನ ಚಪ್ಪಲಿ ಜಾರಿತು. ಕುರ್ಚಿ ವಾಲಿತು. ಅಜ್ಜಿ ಬಿದ್ದಳು. ಚರ್ಚಿಗೆ ಅಂತ ಉಟ್ಟ ಬಿಳೀ ಉಡುಪು ತೊಡೆಯವರೆಗೆ ಮೇಲೆ ಹೋಯಿತು. ಮೋಟು ಕಾಲು ಕಾಣಿಸಿತು. ನಮ್ಮ ಚರ್ಚು ರಸ್ತೆಯಾಚೆಗೇ ಇದೆ. ಬಾಗಿಲಲ್ಲಿ ಜನ ನಿಂತಿದ್ದರು. ಎಲ್ಲರೂ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮುಖ ತಿರುಗಿಸಿದರು. ನೋಡಿದ್ದಕ್ಕಿಂತ ಆ ತಿರುಗಿಸಿದ್ದು ಹೆಚ್ಚು ನೋವು ಕೊಟ್ಟಿತು.

ಅಜ್ಜಿ ಬಯ್ಯಲಿಲ್ಲ. ಅವತ್ತಿಡೀ ಬಯ್ಯಲಿಲ್ಲ. ನಮಗೆ ಭಯ ಹುಟ್ಟಿತು.

ಸಂಜೆ ಅತ್ತೆ ಉಡುಪಿನ ಕೆಸರು ಉಜ್ಜುತ್ತಿದ್ದಾಗ ಅಜ್ಜಿ ಬಾಯಿ ಬಿಟ್ಟಳು.

"ನಂಗೊಂದು ಗಾಲಿ ಹತ್ತೋ ಇಳಿಜಾರು ಕಟ್ಟಿಕೊಡಿ. ಬಚ್ಚಲ ಬಾಗಿಲು ಅಗಲ ಮಾಡಿ. ಸಾಯೋದ್ರೊಳಗೆ ಒಂದ್ಸಲ ನನ್ನ ಗಾಲಿ ನಾನೇ ತಳ್ಕೊಂಡು ಚರ್ಚಿಗೆ ಹೋಗ್ಬೇಕು. ಯಾರ ಕೈಯೂ ಮುಟ್ಟಬಾರ್ದು."

"ಬರೋ ಶನಿವಾರವೇ ಕಟ್ಬಿಡೋಣ ಅಮ್ಮಾ" ಅಂದ ಮಾವ. "ಚರ್ಚಿನೋರು ಹತ್ತು ಜನ ಬರ್ತಾರೆ. ಹಲಗೆ ತಂದು ಹಾಕಿದ್ರೆ ಸಂಜೆಗೆ ಮುಗೀತು."

"ಪರ್ಮಿಟ್ ಮೊದ್ಲು."

"ಅಮ್ಮಾ…"

"ನಿಮ್ಮಪ್ಪನ್ನ ಮರೆತ್ಯಾ?"

ಸಮೋವಾದ ಊರಿನಿಂದ ಹೊಸದಾಗಿ ಬಂದವರು ಮಲಗಲಿ ಅಂತ ತಾತ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿದ್ದನಂತೆ. ನಗರಸಭೆಯ, ಅಂದರೆ ಕೌನ್ಸಿಲ್ಲಿನ, ಪರ್ಮಿಟ್ ಇರಲಿಲ್ಲ. ಕೌನ್ಸಿಲ್‌ನವರು ಬಂದು ಕೆಡವು ಅಂದರು. ಅವರು ಕೈ ಕಟ್ಟಿ ನಿಂತು ನೋಡುತ್ತಿದ್ದರು, ತಾತ ತಾನೇ ಕಟ್ಟಿದ್ದನ್ನು ತಾನೇ ಕಿತ್ತ. ಕಿತ್ತ ಮೊಳೆಗಳನ್ನು ಬಡಿದು ನೆಟ್ಟಗೆ ಮಾಡಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟ. ತಾತ ಹೋದ. ಡಬ್ಬಿ ಇದೆ.

ಅಜ್ಜಿ ಅಂದಳು, "ಈ ಮನೇಲಿ ಇನ್ನೊಂದ್ಸಲ ಮೊಳೆ ಕೀಳೋದು ಬೇಡ."

ಅರ್ಜಿ ತುಂಬುವ ಕೆಲಸ ನನ್ನದಾಯಿತು. ಓದುವ ಹುಡುಗಿ ಅಂತ. ಅಡುಗೆಮನೆ ಮೇಜಿನ ಮುಂದೆ ಫೋನು ಹಿಡಿದು ಕೂತೆ. ಹೆಸರು, ವಿಳಾಸ, ಇಳಿಜಾರಿನ ಉದ್ದ, ಎತ್ತರ. ಎಲ್ಲ ಸಲೀಸು. ಆಮೇಲೊಂದು ಪ್ರಶ್ನೆ ಬಂತು: ಮನೆಯಲ್ಲಿ ವಾಸಿಸುವವರು ಎಷ್ಟು?

"ಎಂಟು" ಅಂತ ಒತ್ತಿದೆ.

"ಏನು ಒತ್ತಿದೆ?" ಅಂದಳು ಅಜ್ಜಿ. ಅವಳ ಕಣ್ಣು ಮಂಜು. ಆದರೆ ಸುಳ್ಳು ಮಾತ್ರ ಸ್ಪಷ್ಟ ಕಾಣಿಸುತ್ತದೆ.

"ಎಂಟು ಅಜ್ಜಿ. ನಾವು ಮಲಗೋರು ಎಂಟೇ ಜನ."

"ಸಿಡ್ನಿಯಲ್ಲಿರೋ ನಿನ್ನ ದೊಡ್ಡ ಮಾವ?"

"ಅವ್ರು ಸಿಡ್ನಿಯಲ್ಲಿದಾರೆ ಅಜ್ಜಿ. ನೀನೇ ಹೇಳ್ದೆಯಲ್ಲ ಈಗ."

"ಅವನ ಚಾಪೆ ಎಲ್ಲಿದೆ?"

ಚಾಪೆ ನಮ್ಮ ಮನೆಯಲ್ಲೇ ಇದೆ. ಸುರುಳಿ ಸುತ್ತಿ ಗೋಡೆಗೆ ಒರಗಿಸಿಟ್ಟಿದೆ. ನಮ್ಮವರಲ್ಲಿ ಹಾಗೆಯೇ. ಯಾರ ಚಾಪೆ ಎಲ್ಲಿದೆಯೋ ಅದು ಅವರ ಮನೆ. ಬಂದಾಗ ಬಿಡಿಸುತ್ತಾರೆ, ಹೋಗುವಾಗ ಸುತ್ತಿಡುತ್ತಾರೆ. ಕಂಪನಿ ಕೆಲಸಕ್ಕೆ ಹೋದ ಚಿಕ್ಕಮ್ಮ, ಹಣ್ಣಿನ ತೋಟಕ್ಕೆ ಹೋದ ಅವಳ ಇಬ್ಬರು ಗಂಡುಮಕ್ಕಳು, ಪಾದ್ರಿಯ ತಂಗಿಯ ಮಗ, ಎಲ್ಲರ ಚಾಪೆಯೂ ಇದೆ.

"ಚಾಪೆ ಎಣಿಸಿ ಬರಿ" ಅಂದಳು ಅಜ್ಜಿ. "ಕಾಗದದಲ್ಲಿ ಅವ್ನು ಇಲ್ಲ ಅಂತ ಬರೆದ್ರೆ ನಾನೇ ಮಗನ್ನ ಮನೆಯಿಂದ ಹೊರಗೆ ಹಾಕಿದ ಹಾಗೆ."

ಚಾಪೆ ಎಣಿಸಿದೆ. ಹದಿಮೂರು. ಹುಟ್ಟಲಿರುವ ಕೂಸಿಗೆ ಅಂತ ಅಜ್ಜಿ ಒಂದು ಚಿಕ್ಕ ಚಾಪೆ ಹೆಣೆಯುತ್ತಿದ್ದಳು. ಹದಿನಾಲ್ಕು. ಒತ್ತಿ ಕಳಿಸಿದೆ.

ಉತ್ತರ ಬಂತು. ನಿಮ್ಮ ಅರ್ಜಿಗೆ ಹೆಚ್ಚಿನ ಮಾಹಿತಿ ಬೇಕಾಗಿದೆ, ಅದು ಬರುವವರೆಗೆ ಗಡಿಯಾರ ನಿಲ್ಲಿಸಲಾಗಿದೆ.

"ಯಾವ ಗಡಿಯಾರ?" ಅಂದಳು ಅಜ್ಜಿ.

"ಇಷ್ಟು ದಿನದೊಳಗೆ ಉತ್ತರ ಕೊಡ್ಬೇಕು ಅಂತ ಅವ್ರಿಗೊಂದು ಗಡುವಿದೆ. ಅವರೇನಾದ್ರೂ ಪ್ರಶ್ನೆ ಕೇಳಿದ್ರೆ ಅವತ್ತಿಂದ ದಿನ ಎಣಿಸೋದು ನಿಲ್ಲಿಸ್ತಾರೆ."

"ಅವರ ಗಡಿಯಾರ ಅವರೇ ನಿಲ್ಲಿಸ್ತಾರಾ? ಭೇಷ್. ನನ್ನ ಸಕ್ಕರೆ ಕಾಯಿಲೆ ಗಡಿಯಾರಾನೂ ಸ್ವಲ್ಪ ನಿಲ್ಲಿಸೋಕೆ ಹೇಳು. ಲೋಸಾಳ ಹೊಟ್ಟೇದನ್ನೂ."

ಮಾಹಿತಿ ಕೊಟ್ಟೆ. ಗಡಿಯಾರ ಓಡಿತು. ಮತ್ತೊಂದು ಪ್ರಶ್ನೆ ಬಂತು. ಗಡಿಯಾರ ನಿಂತಿತು. ಇಳಿಜಾರು ಅಂಗಳದ ಕಾರಿನ ಜಾಗದ ಮೇಲೆ ಹಾದುಹೋಗುತ್ತದೆ, ಮನೆಗೆ ಒಂದು ಕಾರು ನಿಲ್ಲುವ ಜಾಗ ಇರಲೇಬೇಕು. ಕಾರು ಬೀದಿಯಲ್ಲಿ ನಿಲ್ಲುತ್ತದೆ ಅಂತ ಬರೆದೆ. ಸಾಲದು ಅಂದರು. ಆಮೇಲೆ ಮೂರನೆಯದು. ಹದಿನಾಲ್ಕು ಜನ ಇರುವ ಮನೆ ಮನೆಯಲ್ಲ, ವಸತಿಗೃಹ ಇರಬಹುದು. ವಸತಿಗೃಹಕ್ಕೆ ಬೆಂಕಿ ತಡೆಯುವ ಬಾಗಿಲು ಬೇಕು, ಹೊರಹೋಗುವ ದಾರಿಯ ಹಸಿರು ದೀಪ ಬೇಕು, ಅಧಿಕಾರಿ ಬಂದು ನೋಡಬೇಕು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಆ ವಾರವೇ ಲೋಸಾ ಅತ್ತೆ ಕೆಲಸದಿಂದ ಬಂದು ಊದಿದ ಕಾಲನ್ನು ಬಕೆಟ್ಟಿನಲ್ಲಿಟ್ಟು ಕೂತಳು. ಸಮುದ್ರದ ಕಡೆಯ ದೊಡ್ಡ ಮನೆಗಳನ್ನು ಗುಡಿಸಿ ಒರೆಸುವ ಕೆಲಸ ಅವಳದು.

"ಆ ಗುಡ್ಡದ ಮೇಲಿನ ಮನೇಲಿ ಇಳಿಜಾರು ಕಟ್ಟಿದಾರೆ ಅತ್ತೇ" ಅಂದಳು ಅಜ್ಜಿಗೆ. "ಈಜುಕೊಳದ ಪಕ್ಕ. ಒಳ್ಳೇ ಮರ. ಇವತ್ತು ನಾನೇ ಎಣ್ಣೆ ಹಾಕಿ ಉಜ್ಜಿದೆ."

"ಅಲ್ಲೂ ಕಾಲಿಲ್ಲದೋರು ಇದಾರಾ ಪಾಪ?"

"ನಾಲ್ಕು ಕಾಲಿದೆ. ನಾಯಿ. ವಯಸ್ಸಾಗಿದೆ."

ನಾವೆಲ್ಲ ಅಜ್ಜಿಯ ಮುಖ ನೋಡಿದೆವು. ಅಜ್ಜಿ ನಗಲು ಶುರು ಮಾಡಿದಳು. ಕೆಮ್ಮು ಬರುವವರೆಗೆ ನಕ್ಕಳು. "ಅದರ ಹೆಸರು ಕೇಳ್ಕೊಂಡು ಬಾ ಲೋಸಾ" ಅಂದಳು. "ಅರ್ಜಿ ಅದರ ಹೆಸರಲ್ಲೇ ಹಾಕೋಣ."

ಅಧಿಕಾರಿ ಒಂದು ಶುಕ್ರವಾರ ಬಂದ. ಚಳಿಗಾಲ, ನಾಲ್ಕು ದಾಟಿದರೆ ಬಿಸಿಲು ಸಾಯುತ್ತದೆ. ಅಜ್ಜಿ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ಮಾವ ಪಾಳಿ ಮುಗಿಸಿ ಮಲಗಿದ್ದ. ಅವನು ಏಳುವವರೆಗೆ ಅಜ್ಜಿ ಕೆಳಗೇ, ಅಂಗಳದ ಕಾರಿನ ಜಾಗದಲ್ಲೇ ಕೂತಿದ್ದಳು. ಕಾರು ಬೀದಿಯಲ್ಲಿತ್ತು. ನಾವು ಸುತ್ತ ಚಾಪೆ ಹಾಸಿ ಕೆಸವಿನ ಗೆಡ್ಡೆ ಹೆರೆಯುತ್ತಿದ್ದೆವು.

ಹುಡುಗ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಕೆಂಪು ಕೂದಲು, ಕೆಸರು ಕಾಣದ ಬೂಟು, ಕೈಯಲ್ಲಿ ಟ್ಯಾಬ್. ಯಾವುದೋ ಪೋಸ್ಟರ್ ನೋಡಿ ಕಲಿತ ನಮ್ಮ ಭಾಷೆಯ ನಮಸ್ಕಾರ ಹೇಳಿದ. ಹೆಸರು ಕ್ಯಾಲಮ್. ಒಳ್ಳೆಯವನೇ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬಯ್ಯುವುದು ಸುಲಭವಿತ್ತು.

ನಿಂತುಕೊಂಡೇ ಮಾತು ಶುರು ಮಾಡಿದ. ಬಂದ ಕಾರಣ, ನಿಯಮ, ಪರಿಶೀಲನೆ. ನಾವು ಗೆಡ್ಡೆ ಹೆರೆಯುತ್ತಲೇ ಇದ್ದೆವು. ಕೂತಿರುವ ಹಿರಿಯರ ಎದುರು ನಿಂತು ಮಾತಾಡುವುದು ನಮ್ಮಲ್ಲಿ ಮುಖಕ್ಕೆ ಉಗಿದಷ್ಟೇ ದೊಡ್ಡ ತಪ್ಪು. ಅಜ್ಜಿ ಆಕಾಶ ನೋಡಿದಳು.

"ಪೆನಿನಾ, ಯಾರೋ ಮರದ ಮೇಲಿಂದ ಮಾತಾಡ್ತಿರೋ ಹಾಗಿದೆ."

ಅಜ್ಜಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಬೇಕಾದಾಗ ಮಾತ್ರ.

"ಕೂತ್ಕೊಳ್ಳಿ" ಅಂದೆ ಅವನಿಗೆ.

"ಪರವಾಗಿಲ್ಲ, ಬೇಗ ಮುಗಿಸ್ತೀನಿ."

"ಕೂತ್ಕೊಳ್ಳದೆ ಮುಗಿಯೋದೇ ಇಲ್ಲ."

ಕೂತ. ಚಾಪೆಯ ಅಂಚು ಸಿಕ್ಕಿತು, ಅರ್ಧ ಪ್ಯಾಂಟು ಒದ್ದೆ ಹುಲ್ಲಿಗೆ. ಅಜ್ಜಿ ಥಟ್ಟನೆ ಅವನ ಕಡೆ ತಿರುಗಿ, "ಬಂದ್ಯಾ ಮಗಾ? ಯಾವಾಗ ಬಂದೆ?" ಅಂದಳು. ಅತ್ತೆ ಬಿಸಿ ಕೋಕೋ ಕೊಟ್ಟಳು, ತೆಂಗಿನ ಹಾಲಲ್ಲಿ ಬೇಯಿಸಿದ ಬನ್ನು ಕೊಟ್ಟಳು. ಮರ್ಯಾದೆಗೆ ಅಂತ ಅವನು ಬಟ್ಟಲು ಖಾಲಿ ಮಾಡಿದ. ಬಟ್ಟಲು ಖಾಲಿ ಆದರೆ ಇನ್ನೂ ಬೇಕು ಅಂತ ಅರ್ಥ. ಅತ್ತೆ ತುಂಬಿದಳು. ಮತ್ತೆ ಖಾಲಿ ಮಾಡಿದ. ಮತ್ತೆ ತುಂಬಿದಳು. ತಳದಲ್ಲಿ ಸ್ವಲ್ಪ ಬಿಡು ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ.

"ಹದಿನಾಲ್ಕು ಜನ ಅಂತ ಬರೆದಿದೀರಿ" ಅಂದ ಟ್ಯಾಬ್ ನೋಡಿ. "ಈ ಸಿಡ್ನಿಯವರು ಇಲ್ಲಿ ಯಾವಾಗ ಇರ್ತಾರೆ?"

"ಕ್ರಿಸ್‌ಮಸ್‌ಗೆ."

"ಉಳಿದ ದಿನ?"

"ಅವನ ಚಾಪೆ ಇರುತ್ತೆ" ಅಂದಳು ಅಜ್ಜಿ.

ಅವನು ಏನೋ ಒತ್ತಿ, ಅಳಿಸಿ, ಮುಂದೆ ಹೋದ. "ಇಲ್ಲಿ ಮೊಯೆಲಾಗಿ ಅಂತ ಎರಡು ಸಲ ಇದೆ."

"ಒಬ್ಬಳು ನಾನು" ಅಂದಳು ಅಜ್ಜಿ.

"ಇನ್ನೊಬ್ಬರ ವಯಸ್ಸು ಹಾಕಿಲ್ಲ."

"ಅವಳಿನ್ನೂ ಹುಟ್ಟಿಲ್ಲ" ಅಂದಳು ಅತ್ತೆ, ಹೊಟ್ಟೆ ತಟ್ಟಿ.

ಕ್ಯಾಲಮ್‌ನ ಕಿವಿ ಕೆಂಪಾಯಿತು. ಆದರೂ ಕೇಳಬೇಕಾದ ಪ್ರಶ್ನೆ ಇತ್ತು, ಕೇಳಿದ. "ಇವರಲ್ಲಿ ಯಾರಾದ್ರೂ ಬಾಡಿಗೆ ಕೊಡ್ತಾರಾ?"

"ಇವಳು ಕೊಡ್ತಾಳೆ" ಅಂದಳು ಅತ್ತೆ. "ಒಳಗಿಂದ ಒದೀತಾಳೆ, ಹೊತ್ತು ಹೊತ್ತಿಗೆ."

ತಾನಿಯೆಲು ಗೆಡ್ಡೆ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. ಕ್ಯಾಲಮ್ ಕೂಡ ನಕ್ಕ. ವಸತಿಗೃಹದ ಸಂಶಯ ಹೋಯಿತು ಅಂತ ಟಿಕ್ ಮಾಡಿದ. ನನಗೆ ಜೀವ ಬಂತು.

"ಕಾರಿನ ಜಾಗದ್ದು ಬೇರೆ ವಿಭಾಗ" ಅಂದ. "ಅವರು ಒಪ್ಪಬೇಕಾದ್ರೆ ಇಳಿಜಾರಿನ ಅಗತ್ಯ ನಿಜವಾಗ್ಲೂ ಇದೆ ಅಂತ ನಾನು ತೋರಿಸ್ಬೇಕು. ಅದಕ್ಕೆ… ಅಮ್ಮಾವ್ರು ಈಗ ಹೇಗೆ ಮೆಟ್ಟಿಲು ಹತ್ತುತ್ತಾರೆ ಅಂತ ಒಂದ್ಸಲ ತೋರಿಸಿದ್ರೆ, ಒಂದು ಸಣ್ಣ ವಿಡಿಯೊ ಮಾಡ್ಕೋತೀನಿ."

ಟ್ಯಾಬ್ ಎತ್ತಿ ಹಿಡಿದ.

ಮಾವ ಆಗಷ್ಟೇ ಎದ್ದು, ಪಂಚೆ ಕಟ್ಟಿಕೊಳ್ಳುತ್ತಾ ಮೆಟ್ಟಿಲಿಳಿದು ಬರುತ್ತಿದ್ದ. ಅಭ್ಯಾಸ. ನೇರ ಬಂದು ಕುರ್ಚಿಗೆ ಕೈ ಹಾಕಿದ. ತಾನಿಯೆಲು ಎದ್ದ. ನಾನೂ ಎದ್ದೆ.

"ಇಲ್ಲ" ಅಂದಳು ಅಜ್ಜಿ.

ದೊಡ್ಡ ದನಿಯಲ್ಲ. ಮಾವ ಕೈ ತೆಗೆದ.

"ತೋರಿಸಲ್ಲ. ಬೀದಿಯೋರೆಲ್ಲ ನೋಡಿದಾರೆ. ನನ್ನ ಬಟ್ಟೆ ಮೇಲೆ ಹೋಗಿದ್ದನ್ನ ನೋಡಿದಾರೆ. ಕಾಲು ಕತ್ತರಿಸಿದ ಡಾಕ್ಟರ ಕಾಗದ ಕೊಟ್ಟಿದೀನಿ, ಓದಿದೀಯ. ಇನ್ನು ವಿಡಿಯೊನೂ ಬೇಕಾ? ಆಫೀಸಲ್ಲಿ ಕೂತು ಚಾ ಕುಡೀತಾ ನೋಡ್ತೀರಾ?"

"ಹಾಗಲ್ಲ, ನಿಯಮ ಏನಂದ್ರೆ…"

"ನಿಯಮ ಬೇಡ ಅಂತ ನಾನಂದ್ನಾ? ತೋರಿಸ್ಬೇಕು, ಅಷ್ಟೇ ತಾನೇ? ನೀನು ತೋರಿಸು."

"ನಾನಾ?"

"ಲಾಫಾಯಿ, ನನ್ನನ್ನ ಚಾಪೆ ಮೇಲೆ ಇಳಿಸು. ಕುರ್ಚಿ ಹುಡುಗನಿಗೆ ಕೊಡು. ವಿಡಿಯೊ ಲೋಸಾ ಮಾಡ್ತಾಳೆ."

ಅವನು ಬೇಡ ಅನ್ನಬಹುದಿತ್ತು. ಅಜ್ಜಿಗೆ ಬೇಡ ಅಂದವರನ್ನು ನಾನಿನ್ನೂ ನೋಡಿಲ್ಲ. ನಾಚಿಕೊಂಡು ನಗುತ್ತಾ ಕುರ್ಚಿಯಲ್ಲಿ ಕೂತ. ಎತ್ತಿದೆವು.

"ಅಜ್ಜೀ, ಇವ್ನು ಹೂವಿನ ಹಾಗಿದಾನೆ!" ಅಂದ ತಾನಿಯೆಲು. "ಸರ್ಕಾರ ಇಷ್ಟು ಹಗುರ ಅಂತ ಗೊತ್ತೇ ಇರ್ಲಿಲ್ಲ."

ಎರಡನೇ ಮೆಟ್ಟಿಲಲ್ಲಿ ಕುರ್ಚಿ ವಾಲಿತು. ಅವನ ನಗು ನಿಂತಿತು. ಕುರ್ಚಿಯ ಕೈ ಬಿಗಿ ಹಿಡಿದ.

"ನಿಧಾನ… ನಿಧಾನ…"

"ಅವಸರ ಏನಿಲ್ಲ" ಅಂದ ಮಾವ ಮೇಲಿನಿಂದ. "ಗಡಿಯಾರ ನಿಲ್ಲಿಸಿದಾರೆ."

ಬೀದಿಯಲ್ಲಿ ಜನ ಸೇರಿದರು. ಪಕ್ಕದ ಮನೆಯವರು ಬೇಲಿಗೆ ಒರಗಿದರು. ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಬಂದವರು ರಸ್ತೆ ದಾಟಿಯೇ ಬಂದರು. ಕ್ಯಾಲಮ್ ಎಲ್ಲೂ ನೋಡಲಾರದೆ ತನ್ನ ಬೂಟು ನೋಡಿದ. ಮೇಲೆ ಹೋಗಿದ್ದ ಜಾಕೆಟ್ಟನ್ನು ಕೆಳಗೆ ಎಳೆದುಕೊಂಡ. ಅಜ್ಜಿಯೂ ಹಾಗೆಯೇ ಎಳೆದುಕೊಳ್ಳುತ್ತಾಳೆ. ಪ್ರತಿ ಸಲ.

ಜಗಲಿಯ ಮೇಲೆ ಕುರ್ಚಿ ಇಟ್ಟೆವು. ಆಗ ಬೀದಿ ದೀಪ ಹತ್ತಿತು. ಅತ್ತೆ ಟ್ಯಾಬ್ ಕೆಳಗಿಟ್ಟು ನಿಂಬೆ ಮರಕ್ಕೆ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರಿಗೆ ಸ್ಪ್ಯಾನರಿನಿಂದ ಬಡಿದಳು.

ಸಂಜೆ ಪ್ರಾರ್ಥನೆಯ ಹೊತ್ತು. ಸಿಲಿಂಡರ್ ಬಾರಿಸಿದರೆ ಯಾರು ಎಲ್ಲಿದ್ದಾರೋ ಅಲ್ಲೇ ಕೂರಬೇಕು. ಮುಗಿಯುವವರೆಗೆ ಅಲುಗಾಡುವ ಹಾಗಿಲ್ಲ. ದ್ವೀಪದ ಊರಲ್ಲಿ ರಸ್ತೆಯ ಬಸ್ಸೂ ನಿಲ್ಲುತ್ತದೆ. ಅಜ್ಜಿ ಊರು ಬಿಟ್ಟಳು, ಇದನ್ನು ಬಿಟ್ಟಿಲ್ಲ. ಮಾವ ಮೇಲಿನ ಮೆಟ್ಟಿಲಲ್ಲಿ ಕೂತ. ನಾನು, ತಾನಿಯೆಲು ನಡುವಿನಲ್ಲಿ. ಅಂಗಳದವರು ಅಂಗಳದಲ್ಲಿ. ಬೇಲಿಯವರು ಬೇಲಿಯಲ್ಲಿ. ಇಳಿಯುವ ದಾರಿಯಿಡೀ ನಾವೇ. ಕ್ಯಾಲಮ್ ಜಗಲಿಯಲ್ಲಿ ಒಬ್ಬನೇ ಸಿಂಹಾಸನದಲ್ಲಿದ್ದ.

ಹಾಡು ಹೇಳಿದೆವು. ಅಜ್ಜಿ ಪ್ರಾರ್ಥನೆಗೆ ಶುರು ಮಾಡಿದಳು. ಹದಿನಾಲ್ಕು ಜನರ ಹೆಸರೂ ಒಂದೊಂದಾಗಿ ತೆಗೆದಳು. ಸಿಡ್ನಿಯ ಹವಾಮಾನ, ಪಾದ್ರಿಯ ಬೆನ್ನುನೋವು, ಗುಡ್ಡದ ಮನೆಯ ಮುದಿ ನಾಯಿ, ಯಾರನ್ನೂ ಬಿಡಲಿಲ್ಲ. ನಾನು ಅರೆಗಣ್ಣಲ್ಲಿ ನೋಡಿದೆ. ಕ್ಯಾಲಮ್ ಕಾಲ ಮೇಲೆ ಕಾಲು ಹಾಕಿದ. ತೆಗೆದ. ಆ ಕಡೆ ಹಾಕಿದ. ಕೋಕೋ ತನ್ನ ಕೆಲಸ ಮಾಡುತ್ತಿತ್ತು.

"…ಮತ್ತೆ ಮೇಲೆ ಕೂತಿರೋ ಆ ಹುಡುಗನಿಗೆ ತಾಳ್ಮೆ ಕೊಡು ಸ್ವಾಮಿ" ಅಂತ ಅಜ್ಜಿ ಕೊನೆಗೆ ಇಂಗ್ಲಿಷಿನಲ್ಲಿ ಸೇರಿಸಿದಳು. "ಕಾಯೋದು ಅವನಿಗೆ ಅಭ್ಯಾಸ ಇಲ್ಲ. ಆಮೆನ್."

ಆಮೆನ್ ಬಾಯಿಂದ ಬೀಳುವ ಮೊದಲೇ ಅವನು ನನ್ನ ಕಡೆ ಬಾಗಿದ. "ಬಚ್ಚಲು ಎಲ್ಲಿದೆ?"

ಅಜ್ಜಿಯ ಕಿವಿ ಮಾತ್ರ ಮುಪ್ಪಾಗಿಲ್ಲ. "ಕುರ್ಚಿಯಲ್ಲೇ ಕರ್ಕೊಂಡು ಹೋಗು ಪೆನಿನಾ" ಅಂದಳು ಕೆಳಗಿನಿಂದ.

ತಳ್ಳಿಕೊಂಡು ಹೋದೆ. ಬಾಗಿಲಿಗೆ ಗಾಲಿ ತಾಗಿತು. ಹಿಂದೆ ಎಳೆದು ಓರೆ ಮಾಡಿ ಮತ್ತೆ ತಳ್ಳಿದೆ. ತಾಗಿತು. ಚೌಕಟ್ಟಿನ ಬಣ್ಣ ಅಲ್ಲಿ ಮೊದಲೇ ಎದ್ದುಹೋಗಿದೆ, ಎರಡೂ ಕಡೆ, ಗಾಲಿಯ ಎತ್ತರಕ್ಕೆ ಸರಿಯಾಗಿ. ಅವನು ಆ ಗುರುತಿನ ಮೇಲೆ ಬೆರಳಿಟ್ಟ. ಒಳಗೆ ಕಮೋಡು ಕಾಣುತ್ತಿತ್ತು. ಮೂರು ಹೆಜ್ಜೆ.

"ಹೋಯ್ತಾ?" ಕೂಗಿದಳು ಅಜ್ಜಿ.

"ಇಲ್ಲ ಅಜ್ಜಿ."

"ಏನು ಮಾಡ್ತಿದಾನೆ?"

"ನೋಡ್ತಿದಾನೆ."

ಅಂಗಳದಲ್ಲಿ ನಗು ಎದ್ದಿತು. ಆಮೇಲೆ ಅಜ್ಜಿಯ ದನಿ ಬಂತು. ಅದರಲ್ಲಿ ನಗು ಇರಲಿಲ್ಲ.

"ನೀನು ಎದ್ದು ಹೋಗ್ಬಹುದು ಮಗಾ. ನಿಂಗೆ ಕಾಲಿದೆ."

ಅವನು ಎದ್ದ. ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಹಳ ಹೊತ್ತು ಬರಲಿಲ್ಲ.

ಕೆಳಗೆ ಬಂದವನು ಯಾರೂ ಹೇಳದೆಯೇ ಚಾಪೆಯ ಮೇಲೆ ಕೂತ. "ನಾನು ಬರೀತೀನಿ" ಅಂದ. "ಎಲ್ಲಾ ಬರೀತೀನಿ. ಆದ್ರೆ ನಿರ್ಧಾರ ನಂದಲ್ಲ. ಕಾರಿನ ಜಾಗದವರು… ಸಾಧ್ಯ ಇದೆ. ಆಗ್ಲೂಬಹುದು. ಹೇಳೋಕೆ ಬರಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಮಾವನಿಗೆ ಪಾಳಿಗೆ ಹೊತ್ತಾಗುತ್ತಿತ್ತು. ಕುರ್ಚಿ ಕೆಳಗೆ ತಂದು ಅಜ್ಜಿಯನ್ನು ಅದರಲ್ಲಿ ಕೂರಿಸಿದ. ಹಿಡಿಗೆ ಕೈ ಹಾಕಿದ. "ಬಾ ಅಮ್ಮಾ, ಮೇಲೆ ಬಿಟ್ಟು ಹೋಗ್ತೀನಿ."

"ಕೈ ತೆಗಿ."

"ಏನಮ್ಮಾ?"

"ಇನ್ನು ನನ್ನನ್ನ ಯಾರೂ ಹೊರಬಾರ್ದು. ಇವತ್ತಿಗೆ ಮುಗೀತು. ನಾನು ಮೇಲೆ ಹೋದ್ರೆ ನನ್ನ ಗಾಲಿ ಮೇಲೆ, ನನ್ನ ಕೈಯಲ್ಲಿ ಹೋಗ್ತೀನಿ."

"ಅಲ್ಲೀವರೆಗೆ ಎಲ್ಲಿರ್ತೀಯ?"

ಅಜ್ಜಿ ಸುತ್ತ ನೋಡಿದಳು. ಕ್ಯಾಲಮ್‌ನನ್ನೂ ನೋಡಿದಳು. "ಕಾರಿಗೆ ಅಂತ ಜಾಗ ಇರ್ಲೇಬೇಕಂತಲ್ಲ. ಇದೆ. ಇಲ್ಲೇ ಇರ್ತೀನಿ. ನಂಗೂ ಗಾಲಿ ಇದೆ."

"ಚಳಿ ಅಮ್ಮಾ! ನಿನ್ನ ಎದೆ ನೋಡ್ಕೋ. ನ್ಯುಮೋನಿಯಾ ಆದ್ರೆ?"

"ಆಗ್ಲಿ. ಸಾವಿಗೆ ಕಾರಣ ಅನ್ನೋ ಜಾಗದಲ್ಲಿ ಬರೀಲಿ: ಕಾರು."

ಮಾವ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಅವನು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕ್ಯಾಲಮ್ ಗೇಟಿನ ಹತ್ತಿರ ಹೋದವನು ವಾಪಸು ಬಂದ. ಬಂದು, ಕೂತು, ಕೇಳಿದ: "ಎಷ್ಟು ದಿನ ಹೀಗೆ ಇರ್ತೀರಿ?"

"ಗಡಿಯಾರ ನಿಲ್ಲಿಸಿದೀನಿ ಮಗಾ" ಅಂದಳು ಅಜ್ಜಿ.

ತಾನಿಯೆಲು ನೀಲಿ ತಾಡಪಾಲು ತಂದ. ಕಟ್ಟಲು ಮೊಳೆ ಬೇಕಾಯಿತು. ಅಜ್ಜಿ ಬಿಸ್ಕತ್ತಿನ ಡಬ್ಬಿ ತರಿಸಿದಳು. ತಾತನ ಮೊಳೆಗಳು. ತುಕ್ಕು ಹಿಡಿದಿದ್ದವು, ಬಾಗಲಿಲ್ಲ.

ಹಿರಿಯರನ್ನು ಹೊರಗೆ ಮಲಗಿಸಿ ಒಳಗೆ ಮಲಗುವುದುಂಟೇ? ಮೊದಲು ಅತ್ತೆಯ ಚಾಪೆ ಕೆಳಗೆ ಬಂತು. ಆಮೇಲೆ ನನ್ನದು. ತಾನಿಯೆಲುವಿನದು. ಹಣ್ಣಿನ ತೋಟದಿಂದ ಬಂದ ಇಬ್ಬರು ಮೇಲೆ ಹೋಗಲೇ ಇಲ್ಲ. ಬಚ್ಚಲಿಗೆ ಎದುರಿನ ಚರ್ಚು. ಅಲ್ಲಿ ಮೆಟ್ಟಿಲಿಲ್ಲ, ಬಾಗಿಲು ಅಗಲ. ಅಜ್ಜಿ ಬೆಳಿಗ್ಗೆ ತಾನೇ ಗಾಲಿ ತಳ್ಳಿಕೊಂಡು ರಸ್ತೆ ದಾಟುತ್ತಾಳೆ, ಎರಡೂ ಕಡೆಯ ಕಾರುಗಳನ್ನು ನಿಲ್ಲಿಸಿ. ಯಾರೂ ಮುಟ್ಟುವ ಹಾಗಿಲ್ಲ. ಕಾರಿನವರು ಹಾರ್ನ್ ಹೊಡೆದರೆ ಕೈ ಬೀಸಿ ಆಶೀರ್ವಾದ ಮಾಡುತ್ತಾಳೆ.

ಮಳೆ ಬಂತು. ತಾಡಪಾಲು ಸೋರಿತು. ಅಜ್ಜಿ ಕೆಮ್ಮಿದಳು. ಕೆಮ್ಮಿನ ನಡುವೆ ಬೈದಳು. ಬೈಗುಳ ಕೇಳಿ ನಮಗೆ ಧೈರ್ಯ ಬಂತು. ಸಂಜೆ ಪ್ರಾರ್ಥನೆಗೆ ಬೀದಿಯವರೂ ಬರತೊಡಗಿದರು. ಕಾರಿನ ಜಾಗ ಸಾಲದೆ ಜನ ರಸ್ತೆಗೆ ಚೆಲ್ಲಿದರು. ಸಿಲಿಂಡರ್ ಬಾರಿಸಿದರೆ ಈಗ ನಮ್ಮ ಬೀದಿಯಲ್ಲೂ ಬಸ್ಸು ನಿಲ್ಲುತ್ತದೆ. ಭಕ್ತಿಯಿಂದಲ್ಲ, ದಾರಿ ಇಲ್ಲದೆ.

ಕೌನ್ಸಿಲ್‌ನಿಂದ ನನ್ನ ಫೋನಿಗೆ ಪ್ರಶ್ನೆ ಬಂತು. ನಿಮ್ಮ ಮನೆಯ ಪರಿಸ್ಥಿತಿ ಬದಲಾಗಿದೆ ಅಂತ ತಿಳಿದುಬಂದಿದೆ. ಈಗ ಮನೆಯಲ್ಲಿ ವಾಸಿಸುವವರು ಎಷ್ಟು?

ಓದಿ ಹೇಳಿದೆ. ಅಜ್ಜಿ ಕೂಸಿನ ಚಾಪೆಯ ಕೊನೆಯ ಅಂಚು ಹೆಣೆಯುತ್ತಿದ್ದಳು. ತಲೆ ಎತ್ತಿ ಮೇಲಿನ ಮನೆ ನೋಡಿದಳು. ಕಿಟಕಿ ಕತ್ತಲು.

"ಚಾಪೆ ಎಲ್ಲಿದೆ?"

"ಎಲ್ಲಾ ಇಲ್ಲೇ ಇವೆ ಅಜ್ಜಿ. ಸಿಡ್ನಿ ಮಾವಂದೂ ತಂದಿದೀವಿ, ಮೇಲೆ ಒಂದೇ ಯಾಕೆ ಬಿಡೋದು ಅಂತ."

"ಹಾಗಾದ್ರೆ ಸೊನ್ನೆ ಅಂತ ಬರಿ."

"ಎಲ್ಲಿದಾರೆ ಅಂತಾನೂ ಕೇಳಿದಾರೆ."

"ಇರೋದೇ ಬರಿ. ಕಾರಿನ ಜಾಗದಲ್ಲಿ ಹದಿನಾಲ್ಕು."

ಬರೆದೆ. ಒತ್ತಿದೆ.

ಮಾರನೇ ದಿನ ಮಧ್ಯಾಹ್ನ ಫೋನು ಬಡಿದುಕೊಂಡಿತು. ಕ್ಯಾಲಮ್. ಓಡಿ ಬಂದವನ ಹಾಗೆ ಏದುಸಿರು ಬಿಡುತ್ತಿದ್ದ.

"ನಿಮ್ಮ ಉತ್ತರ ಓದಿ ಕಾರಿನ ಜಾಗದವರು ಆಕ್ಷೇಪಣೆ ವಾಪಸು ತಗೊಂಡ್ರು. ಇನ್ನು ಸಹಿ ಒಂದೇ ಬಾಕಿ. ಅಜ್ಜಿಗೆ ಹೇಳಿ, ಗಡಿಯಾರ ಶುರುವಾಯ್ತು! ದಯವಿಟ್ಟು ಮೇಲೆ ಹೋಗೋಕೆ ಹೇಳಿ, ಚಳಿ ಜಾಸ್ತಿಯಾಗುತ್ತಂತೆ ಇವತ್ತು."

ಫೋನಿಗೆ ಕೈ ಮುಚ್ಚಿ ಹೇಳಿದೆ. ಅತ್ತೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಮಾವ ಎದ್ದು ಕೂತ. ತಾನಿಯೆಲು ಆಗಲೇ ಸುತ್ತಿಗೆ ಹುಡುಕುತ್ತಿದ್ದ. ಅಜ್ಜಿ ಮಾತ್ರ ಹೆಣಿಗೆ ನಿಲ್ಲಿಸಲಿಲ್ಲ.

"ಅವರದು ಶುರುವಾಯ್ತು" ಅಂದಳು. "ನಂದು ಇನ್ನೂ ನಿಂತೇ ಇದೆ ಅಂತ ಹೇಳು. ಸಹಿ ಆದ ಕಾಗದ ತರ್ಲಿ. ಅವನೇ ತರ್ಲಿ, ಕೈಯಲ್ಲಿ ಹಿಡ್ಕೊಂಡು. ಕೋಕೋ ಕಾಯಿಸಿ ಇಡ್ತೀವಿ."

ಹೇಳಿದೆ.

"ಇನ್ನೊಂದು ಮಾತು" ಅಂದಳು. "ಗೇಟಿಂದಾನೇ ಕೂಗಬಾರ್ದು. ಬಂದು ಮೊದ್ಲು ಕೂತ್ಕೋಬೇಕು."